ಸಂತ ವೆರೋನಿಕಳ ವಸ್ತ್ರಚಿತ್ರವೂ ಅದರ ಶ್ಲೇಷಲೇಖವೂ

ಫ್ರಾನ್ಸ್ ದೇಶದ ಕ್ಲೋದ್ ಮೆಲ್ಲಾನನು (1598–1688) 1649ರಲ್ಲಿ ತಾಮ್ರಫಲಕದ ಮೇಲೆ ಕೊರೆದು ಅಚ್ಚೊತ್ತಿಸಿದ ಚಿತ್ರವೊಂದು ‘ಸಂತ ವೆರೋನಿಕಳ ವಸ್ತ್ರ’ವೆಂದು ಪ್ರಸಿದ್ಧವಾಗಿರುವುದು. ಶಿಲುಬೆಯನ್ನು ಹೊತ್ತು ನಡೆಯುತ್ತಿದ್ದ ಕ್ರಿಸ್ತನ ಮುಖವನ್ನು ಈ ಸಾಧ್ವಿಯು ತನ್ನ ವಸ್ತ್ರದಿಂದ ಒರಸಲು, ಆ ಮುಖಬಿಂಬವು ಅದರಲ್ಲಿ ಮೂಡಿತೆಂಬುದು ಐತಿಹ್ಯ. ನಾಲ್ಕು ಸುವಾರ್ತೆಗಳಲ್ಲಿ ಈ ಕಥೆಯಿಲ್ಲ. ಆಕೆಯ ಹೆಸರನ್ನು ‘ವೇರಾ’ (ನಿಜವಾದ), ‘ಈಕೋನ್’ (ಪ್ರತಿಮೆ) ಎಂದು ಬಿಡಿಸುವರು. ಒಂದು ಲ್ಯಾಟಿನ್, ಇನ್ನೊಂದು ಗ್ರೀಕ್! ಹೆಸರಾದರೋ ಬೆರೆನೀಕೆ ಎಂಬ ಗ್ರೀಕ್ ನಾಮದಿಂದ ಬಂದುದು.

ಚಿತ್ರದಲ್ಲಿ ಸಾಧ್ವಿಯಿಲ್ಲ, ವಸ್ತ್ರವೂ ಮುಖವೂ ಮಾತ್ರ ಇವೆ. ಸಾಮಾನ್ಯವಾಗಿ ಕೊರೆಯುವವರು ನೆಳಲನ್ನು ತೋರಿಸಲು ಗೆರೆಗಳ ಮೇಲೆ ಅಡ್ಡಗೆರೆಗಳನ್ನು ಹಾಯಿಸುವರು. ಮೆಲ್ಲಾನನು ಹಾಗೆ ಮಾಡದೆ, ಮೂಗಿನ ತುದಿಯಲ್ಲಿ ಹಿಡಿದ ಒಂದೇ ಗೆರೆಯನ್ನು ಸುರುಳಿ ಸುರುಳಿಯಾಗಿ ಹೊರಕ್ಕೆ ಬೆಳೆಯಿಸಿರುವನು. ಉಳಿಯನ್ನು ಒತ್ತಿದೆಡೆ ಗೆರೆಯು ಆಳವೂ ಅಗಲವೂ ಆಗಿ ಹೆಚ್ಚು ಮಸಿಯನ್ನು ಹಿಡಿಯುವುದು, ಅಲ್ಲಿ ನೆಳಲು. ಸಡಿಲಿಸಿದೆಡೆ ತೆಳುವಾಗುವುದು, ಅಲ್ಲಿ ಬೆಳಕು. ಕಣ್ಣು, ಗಡ್ಡ, ಮುಳ್ಳಿನ ಕಿರೀಟ, ನೆತ್ತರಹನಿ ಎಲ್ಲವೂ ಈ ಹಿಗ್ಗುಕುಗ್ಗುಗಳೇ.

ಸಾಹಿತ್ಯಜ್ಞರು ವಿಶೇಷವಾಗಿ ಗಮನಿಸತಕ್ಕುದು ಅಡಿಯಲ್ಲಿರುವ ಲೇಖ: ‘ಫೋರ್ಮಾತುರ್ ಊನಿಕುಸ್ ಊನಾ’, ಬಳಿಕ ‘ನೋನ್ ಆಲ್ತೆರ್’. ‘ಊನಿಕುಸ್’ ಪುಲ್ಲಿಂಗದ ಪ್ರಥಮಾ. ‘ಊನಾ’ ಸ್ತ್ರೀಲಿಂಗ, ಇಲ್ಲಿ ತೃತೀಯಾರ್ಥದಲ್ಲಿದೆ. ಸಂಸ್ಕೃತದ ‘ಏಕಃ’, ‘ಏಕಯಾ’ ಎಂಬಂತೆಯೇ. ವಿಶೇಷ್ಯವನ್ನು ಹೇಳಿಲ್ಲ, ಅಧ್ಯಾಹಾರ ಮಾಡಬೇಕು. ‘ರೇಖೆ’ಯೆಂದರೆ ಅದ್ವಿತೀಯನ ರೂಪವು ಒಂದೇ ರೇಖೆಯಿಂದಾಯಿತೆಂದು ಅರ್ಥ. ‘ಕನ್ಯೆ’ಯೆಂದರೆ ದೇವರ ಏಕಪುತ್ರನು ಒಬ್ಬಳೇ ಕನ್ಯೆಯಿಂದ ಹುಟ್ಟಿದನೆಂದು ಅರ್ಥ. ಎರಡೂ ಪ್ರಕೃತವೇ ಆದುದರಿಂದ ಇದು ಶುದ್ಧ ಶ್ಲೇಷ.

‘ಮತ್ತೊಬ್ಬನಿಲ್ಲ’ ಎಂಬ ಕಡೆಯ ಮಾತು ಕ್ರಿಸ್ತನಿಗೆ ಸಲ್ಲುವುದೋ, ಇಂತಹುದನ್ನು ಕೊರೆಯಬಲ್ಲ ಶಿಲ್ಪಿಗೋ? ಇದು ಬರಿಯ ಆತ್ಮಶ್ಲಾಘನೆಯೆಂದು ತಳ್ಳುವುದು ಸರಿಯಲ್ಲ. ಮೂಲಬಿಂಬವು ಮಾನವಹಸ್ತದಿಂದ ಆದುದಲ್ಲವೆಂಬುದು ಭಕ್ತರ ನಂಬಿಕೆ. ಅದನ್ನು ಕೈಯಿಂದ ಕೊರೆಯಹೊರಟವನು ಕೈಯ ಕೆಲಸವನ್ನು ಒಂದೇ ಗೆರೆಗೆ ಇಳಿಸಿಕೊಂಡನು. ಆ ವಿನಯವೇ ಅನುಕರಿಸಲಾಗದ ಕೌಶಲವಾಗಿಬಿಟ್ಟಿತು. ಎರಡರ್ಥವನ್ನೂ ಉಳಿಸಿಕೊಳ್ಳುವುದೇ ಯುಕ್ತ.

ಕನ್ನಡಿಸುವಾಗ ತೊಡಕು ಬೇರೆ. ‘ಒಂದರಿಂದ’ ಎಂದರೆ ಕನ್ಯೆಯು ಹೋಗುವಳು. ‘ಒಬ್ಬಳಿಂದ’ ಎಂದರೆ ರೇಖೆಯು ಹೋಗುವುದು. ಅರ್ಥವನ್ನು ನೋಡಿ ಲಿಂಗವನ್ನು ನಿರ್ಣಯಿಸುವ ನುಡಿಯಲ್ಲಿ ಈ ಶ್ಲೇಷವು ನಿಲ್ಲದು. ಸಂಸ್ಕೃತದಲ್ಲಿ ‘ರೇಖಾ’ ಶಬ್ದವೂ ಸ್ತ್ರೀಲಿಂಗವೇ ಆದುದರಿಂದ ‘ಏಕಯಾ’ ಎಂಬ ಒಂದೇ ಪದವು ಎರಡನ್ನೂ ಹೊರುವುದು.