ಇಳಿಜಾರಿನಲ್ಲಿ ನಿಂತ ನೀರು

ಭತ್ತಕ್ಕೆ ನಿಂತ ನೀರು ಬೇಕು. ಬೆಟ್ಟದಲ್ಲಿ ನೀರು ನಿಲ್ಲುವುದಿಲ್ಲ. ಚೀನಾದ ಯುನಾನ್ ಪ್ರಾಂತ್ಯದ ಯುವಾನ್‌ಯಾಂಗ್ ಎಂಬಲ್ಲಿ ಒಂದು ಸಮುದಾಯ ಸುಮಾರು 1,300 ವರ್ಷಗಳಿಂದ ಈ ಜಗಳದಲ್ಲಿ ರಾಜಿ ಮಾಡಿಸುತ್ತಲೇ ಇದೆ. ಆ ಜನರ ಹೆಸರು ‘ಹಾನಿ’. ಕನ್ನಡದ ಕಿವಿಗೆ ಅಪಶಕುನದಂತೆ ಕೇಳಿಸುವ ಈ ಹೆಸರಿನವರು ಬೆಟ್ಟಕ್ಕೆ ಹಾನಿಯಾಗದಂತೆ ಬೇಸಾಯ ಮಾಡುವುದು ಹೇಗೆಂದು ತೋರಿಸಿಕೊಟ್ಟಿದ್ದಾರೆ.

ಯುವಾನ್‌ಯಾಂಗ್ ಒಂದು ‘ಷ್ಯೆನ್’. ಚೀನಾದ ಆಡಳಿತದಲ್ಲಿ ಇದು ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಮಟ್ಟದ ಘಟಕ. ವಿಸ್ತೀರ್ಣ ಸುಮಾರು 2,200 ಚದರ ಕಿಲೋಮೀಟರ್. ಇಷ್ಟರೊಳಗೇ ನೆಲ ಸಮುದ್ರಮಟ್ಟದಿಂದ 144 ಮೀಟರ್ ಎತ್ತರದಲ್ಲಿ ಶುರುವಾಗಿ 2,939 ಮೀಟರ್‌ಗೆ ಏರುತ್ತದೆ. ತಳದಲ್ಲಿ ಕೆಂಪು ನದಿ, ನೆತ್ತಿಯಲ್ಲಿ ಐಲಾವ್ ಪರ್ವತ ಸಾಲಿನ ಕಾಡು. ನಡುವೆ ಬಯಲು ಅನ್ನಿಸಿಕೊಳ್ಳುವ ಜಾಗ ಹುಡುಕಿದರೂ ಸಿಗದು.

ಈ ಕಡಿದಾದ ನೆಲದ ಹಿಂದೆ ನಮ್ಮ ಕೈವಾಡವೂ ಇದೆ. ದಖ್ಖನ್ ಪ್ರಸ್ಥಭೂಮಿಯನ್ನು ಹೊತ್ತ ಭಾರತದ ಭೂಫಲಕ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು. ಆ ಒತ್ತಡ ಹಿಮಾಲಯವನ್ನು ಎಬ್ಬಿಸಿ ಸುಮ್ಮನಾಗಲಿಲ್ಲ. ಏಷ್ಯಾದ ಆಗ್ನೇಯ ಮೂಲೆಯ ನೆಲ, ಬೆರಳಿಂದ ಒತ್ತಿದ ಹಿಟ್ಟಿನಂತೆ, ಪಕ್ಕಕ್ಕೆ ಜಾರಿತು. ಜಾರಿದ ಗೆರೆಗಳಲ್ಲಿ ದೊಡ್ಡದು ಕೆಂಪು ನದಿಯ ಸ್ತರಭಂಗ. ಸುಮಾರು 3.5 ಕೋಟಿಯಿಂದ 1.7 ಕೋಟಿ ವರ್ಷಗಳ ಹಿಂದಿನವರೆಗೆ ಅಲ್ಲಿ ಶಿಲೆಗಳು ಒಂದನ್ನೊಂದು ಉಜ್ಜಿಕೊಂಡು ಸರಿದವು. ನಜ್ಜುಗುಜ್ಜಾದ ಆ ಗೆರೆಯನ್ನೇ ನದಿ ಹಾದಿ ಮಾಡಿಕೊಂಡು ಕೊರೆಯಿತು. ಪಕ್ಕದ ಐಲಾವ್ ಸಾಲು ಗೋಡೆಯಂತೆ ನಿಂತಿತು. ಅದರ ಬಂಡೆಗಳು ಮಳೆ–ಬಿಸಿಲಿಗೆ ಕರಗಿ ಕಬ್ಬಿಣದಂಶದ ಕೆಮ್ಮಣ್ಣಾದವು. ನದಿಯ ಬಣ್ಣವೂ ಹೆಸರೂ ಬಂದದ್ದು ಆ ಮಣ್ಣಿನಿಂದ. ನೀರು ಹಿಡಿದಿಡುವ ಜೇಡಿಯೂ ಅದೇ.

ಎತ್ತರದ ಈ ವ್ಯತ್ಯಾಸವೇ ಇಲ್ಲಿನ ನೀರಿನ ಯಂತ್ರ. ಕಣಿವೆಯ ತಳ ಕುದಿಯುವ ಸೆಕೆ. ಅಲ್ಲಿನ ತೇವದ ಗಾಳಿ ಮೇಲೇರಿದಂತೆ ಪ್ರತಿ ಸಾವಿರ ಮೀಟರ್‌ಗೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ತಳಕ್ಕೂ ತುದಿಗೂ ಸುಮಾರು 17 ಡಿಗ್ರಿ ಅಂತರ. ತಣಿದ ಗಾಳಿಯಿಂದ ಹೊರಬಿದ್ದ ಹನಿಗಳು ಮಂಜಾಗಿ ಕಾಡಿನ ಎಲೆ, ಪಾಚಿಗಳಿಗೆ ಅಂಟಿ ತೊಟ್ಟಿಕ್ಕುತ್ತವೆ. ಇದರ ಜೊತೆಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಮುಂಗಾರು ಮಳೆ. ಕಾಡಿನ ನೆಲ ಎರಡನ್ನೂ ಹೀರಿಕೊಂಡು ಬೇಸಿಗೆಯುದ್ದಕ್ಕೂ ಒರತೆಯಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ಇಲ್ಲಿ ಕೆರೆ ಇರುವುದು ಬೆಟ್ಟದ ನೆತ್ತಿಯಲ್ಲಿ, ಕಾಡಿನ ರೂಪದಲ್ಲಿ. ಪ್ರತಿ ಹಳ್ಳಿಯೂ ಊರ ಮೇಲ್ಗಡೆ ಒಂದು ದೇವರ ಕಾಡನ್ನು ಕೊಡಲಿ ಮುಟ್ಟಿಸದೆ ಕಾಯುತ್ತದೆ.

ಜನರೂ ಎತ್ತರಕ್ಕೆ ತಕ್ಕಂತೆ ಹಂಚಿಹೋಗಿದ್ದಾರೆ. ಕಣಿವೆಯಲ್ಲಿ ದಾಯಿ, ಅದರ ಮೇಲೆ ಝುವಾಂಗ್, ಆಮೇಲೆ ಯಿ, ಸುಮಾರು 1,400ರಿಂದ 2,000 ಮೀಟರ್ ನಡುವೆ ಹಾನಿ, ಇನ್ನೂ ಮೇಲೆ ಮಿಯಾವ್ ಮತ್ತು ಯಾವ್ ಜನ. ಮಲೇರಿಯಾ ಕಾಡುತ್ತಿದ್ದ ತಳಕ್ಕಿಂತ ನಡುಬೆಟ್ಟವೇ ಬದುಕಲು ಹಿತವಾಗಿತ್ತು. ಕಾಡಿನ ಕೆಳಗೆ, ಗದ್ದೆಯ ಮೇಲೆ ಊರು ಕಟ್ಟಿದ್ದರಿಂದ ಕುಡಿಯುವ ನೀರು ತಾನಾಗಿ ಮನೆಗೆ ಬಂತು. ಬಳಸಿ ಉಳಿದದ್ದು ತಾನಾಗಿ ಗದ್ದೆಗೆ ಇಳಿಯಿತು. ಊರ ಗುಂಡಿಯಲ್ಲಿ ಕೊಳೆಸಿದ ಗೊಬ್ಬರವನ್ನೂ ಹೊತ್ತು ಸಾಗಿಸಬೇಕಿಲ್ಲ. ಹದ ನೋಡಿ ಕಾಲುವೆ ನೀರು ಬಿಟ್ಟರೆ ಅದೇ ಒಯ್ಯುತ್ತದೆ.

ಹಾನಿ ಜನರಿಗೆ ಹಿಂದೆ ಲಿಪಿ ಇರಲಿಲ್ಲ. ಚರಿತ್ರೆಯನ್ನು ಅವರು ಹೆಸರಿನಲ್ಲೇ ಪೋಣಿಸಿದರು. ತಂದೆಯ ಹೆಸರಿನ ಕೊನೆಯ ಉಚ್ಚಾರವೇ ಮಗನ ಹೆಸರಿನ ಮೊದಲು. ನಮ್ಮ ಅಂತ್ಯಾಕ್ಷರಿಯಂತೆ ಸಾಗುವ ಈ ಸರಪಳಿಯಲ್ಲಿ ಐವತ್ತಕ್ಕೂ ಹೆಚ್ಚು ತಲೆಮಾರುಗಳನ್ನು ಹೇಳಬಲ್ಲ ಮನೆತನಗಳಿವೆ. ಮಿಂಗ್, ಚಿಂಗ್ ಅರಸರು ಈ ದುರ್ಗಮ ನೆಲವನ್ನು ನೇರವಾಗಿ ಆಳದೆ ‘ತೂಸಿ’ ಎಂಬ ಸ್ಥಳೀಯ ಪಾಳೇಗಾರರ ಕೈಗೆ ಬಿಟ್ಟಿದ್ದರು. 1917ರಲ್ಲಿ ಲು ಮೆಯ್‌ಬೆಯ್ ಎಂಬ ಹಾನಿ ತರುಣಿ ಆ ಪಾಳೇಗಾರರ ವಿರುದ್ಧ ದಂಗೆಯ ಮುಂದಾಳಾದಳು.

ಇನ್ನು ಗದ್ದೆಗೆ ಬರೋಣ. 2013ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಎಂದು ಗುರುತಿಸಿದ ಪ್ರದೇಶ 16,603 ಹೆಕ್ಟೇರ್; ಅದರಲ್ಲಿ 82 ಹಳ್ಳಿಗಳು. ಕೆಲವು ಗದ್ದೆಗಳು ಒಂದು ಚಾಪೆ ಹಾಸುವಷ್ಟು ಮಾತ್ರ. ನಾಲ್ಕು ದೊಡ್ಡ ಕಾಲುವೆ, 392 ಕವಲು ತೋಡುಗಳು ಸೇರಿ ಸುಮಾರು 445 ಕಿಲೋಮೀಟರ್ ಉದ್ದ. ಎಲ್ಲಿಯೂ ಪಂಪಿಲ್ಲ.

ಕೊಯ್ಲಾದ ಮೇಲೂ ರೈತರು ಗದ್ದೆಯ ನೀರು ಬಸಿಯುವುದಿಲ್ಲ. ಚಳಿಗಾಲದಲ್ಲಿ ಛಾಯಾಗ್ರಾಹಕರು ಮುಗಿಬೀಳುವ ಆ ಕನ್ನಡಿಗಳ ಸಾಲು ಚೆಲುವಿಗಾಗಿ ಮಾಡಿದ್ದಲ್ಲ. ಜೇಡಿಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಬಿರುಕಿಗಿಳಿದರೆ ಬದುವಿನ ಒಳಗಿನ ಮಣ್ಣು ನೆನೆದು ಭಾರವಾಗಿ ಜಾರುತ್ತದೆ. ಒಂದು ಬದು ಕುಸಿದರೆ ಕೆಳಗಿನವುಗಳಿಗೂ ಗಂಡಾಂತರ. ವರ್ಷವಿಡೀ ತುಂಬಿಟ್ಟ ನೀರೇ ಮಣ್ಣನ್ನು ಮುಚ್ಚಿದ ಬಾಗಿಲಿನಂತೆ ಕಾಯುತ್ತದೆ. ಆ ನೀರಿನಲ್ಲಿ ಮೀನು, ಬಾತುಕೋಳಿ ಬೆಳೆಯುವುದು ಮೇಲಿನ ಲಾಭ.

ನೀರು ಹಂಚುವ ಬಗೆ ಇನ್ನೂ ಸೊಗಸು. ತೋಡು ಕವಲೊಡೆಯುವಲ್ಲಿ ಅಡ್ಡಲಾಗಿ ಒಂದು ಮರದ ದಿಮ್ಮಿ. ಅದರಲ್ಲಿ ಬೇರೆ ಬೇರೆ ಅಗಲದ ಕಚ್ಚುಗಳು. ಯಾರ ಪಾಲು ಎಷ್ಟೋ ಅಷ್ಟಗಲದ ಕಚ್ಚು. ಹೊಳೆ ತುಂಬಿದರೆ ಎಲ್ಲರಿಗೂ ಹೆಚ್ಚು, ಬತ್ತಿದರೆ ಎಲ್ಲರಿಗೂ ಕಡಿಮೆ. ಅನುಪಾತ ಮಾತ್ರ ಬದಲಾಗದು. ತೋಡು ನೋಡಿಕೊಳ್ಳಲು, ನಮ್ಮ ಕೆರೆಗಳಿಗೆ ನೀರಗಂಟಿ ಇದ್ದಂತೆ, ಊರೇ ನೇಮಿಸಿದ ಒಬ್ಬನಿರುತ್ತಾನೆ. ಅವನ ಸಂಬಳ ಭತ್ತದಲ್ಲಿ.

ಬೆಳೆಯುವುದು ಮುಖ್ಯವಾಗಿ ಕೆಂಪಕ್ಕಿ. ಎತ್ತರಕ್ಕೆ, ಚಳಿಗೆ ಒಗ್ಗಿದ ಹಲವು ತಳಿ. ತಳಿ ಬೆರೆಸಿ ಬೆಳೆಯುವುದರಲ್ಲಿ ಏನು ಲಾಭ ಎಂಬುದನ್ನು ನದಿಯಾಚೆಯ ಜಿಯೆನ್‌ಶುಯಿ ಮತ್ತು ಶಿಪಿಂಗ್‌ನ ರೈತರ ಹೊಲಗಳಲ್ಲಿ ವಿಜ್ಞಾನಿಗಳು 1998 ಮತ್ತು 1999ರಲ್ಲಿ ಪರೀಕ್ಷಿಸಿದರು. ರೋಗಕ್ಕೆ ಸುಲಭವಾಗಿ ತುತ್ತಾಗುವ ಅಂಟಕ್ಕಿ ತಳಿಯನ್ನು ಬೇರೆ ತಳಿಯ ಸಾಲುಗಳ ನಡುವೆ ನೆಟ್ಟಾಗ, ಒಂಟಿಯಾಗಿ ಬೆಳೆದದ್ದಕ್ಕೆ ಹೋಲಿಸಿದರೆ, ಅದರ ಬೆಂಕಿ ರೋಗ ಶೇ 94ರಷ್ಟು ಇಳಿಯಿತು. 2000ದಲ್ಲಿ ‘ನೇಚರ್’ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

ವಿಪರ್ಯಾಸ ನೋಡಿ. ನೂರಾರು ವರ್ಷಗಳ ಮಣ್ಣಿನ ಬದುಗಳು ನಿಂತಿದ್ದ ಇದೇ ಬೆಟ್ಟದಲ್ಲಿ ಆಡಳಿತ ಕೇಂದ್ರವಾಗಿದ್ದ ಷಿನ್‌ಜಿಯೆ ಪಟ್ಟಣದ ನೆಲ ಕುಸಿಯತೊಡಗಿತು. 1990ರ ದಶಕದಲ್ಲಿ ಕಚೇರಿಗಳು ಗಂಟುಮೂಟೆ ಕಟ್ಟಿ ಕಣಿವೆಯ ನಾನ್‌ಶಾಗೆ ಇಳಿದವು. ಹಾಗೆಂದು ಗದ್ದೆಗಳೇನೂ ಅಮರವಲ್ಲ. 2018ರ ಜೂನ್ ಮಳೆಗೆ ಪ್ರಸಿದ್ಧ ‘ಹುಲಿಬಾಯಿ’ ಗದ್ದೆಗಳ ಒಂದು ಭಾಗ ಕುಸಿಯಿತು. ತೋಡಿನ ಹೂಳೆತ್ತಲು, ಬದುವಿಗೆ ಕೆಸರು ಮೆತ್ತಲು ಪ್ರತಿ ವರ್ಷ ಕೈಗಳು ಬೇಕು. ಆ ಕೈಗಳು ಈಗ ಪೇಟೆಯ ಕೂಲಿಗೆ ಹೋಗುತ್ತಿವೆ.

ಅಝೆಕೆ ಎಂಬ ಹಳ್ಳಿಯಲ್ಲಿ 2018ರಲ್ಲಿ ಸನ್ ಯಾತ್‌ಸೆನ್ ವಿಶ್ವವಿದ್ಯಾಲಯದ ತಂಡದ ನೆರವಿನಿಂದ ಒಂದು ಪ್ರಯೋಗ ಶುರುವಾಯಿತು. ಪ್ರವಾಸಿಗರಿಂದ ಬಂದ ಆದಾಯದಲ್ಲಿ ಶೇ 70 ಊರವರಿಗೆ. ಅದರಲ್ಲಿ ಶೇ 40 ಅಣಬೆಯಾಕಾರದ ಹಳೆಯ ಹುಲ್ಲಿನ ಮನೆ ಉಳಿಸಿಕೊಂಡವರಿಗೆ, ಶೇ 30 ಗದ್ದೆ ಉಳುವವರಿಗೆ, ಶೇ 20 ಊರಲ್ಲೇ ವಾಸವಿರುವವರಿಗೆ, ಶೇ 10 ಊರಿನ ನೋಂದಾಯಿತ ನಿವಾಸಿಗಳಿಗೆ. ಲೆಕ್ಕಪುಸ್ತಕದ ಈ ಅಂಕಿಗಳೂ ದಿಮ್ಮಿಯಲ್ಲಿ ಕೆತ್ತಿದ ಕಚ್ಚುಗಳೇ. ಈಗ ಇಳಿಜಾರಿನಲ್ಲಿ ಜಾರಿಹೋಗದಂತೆ ಹಿಡಿದಿಡಬೇಕಾಗಿರುವುದು ನೀರನ್ನಲ್ಲ, ಜನರನ್ನು.