ಕೆಂಪುಮರಗಳ ನೆರಳಿನಲ್ಲಿ ಒಂದು ದಿನ

ಪ್ರವಾಸ ಹೊರಟವರಿಗೆ ಸುಮ್ಮನೆ ಕುಳಿತುಕೊಳ್ಳುವುದರಷ್ಟು ಕಷ್ಟದ ಕೆಲಸ ಮತ್ತೊಂದಿಲ್ಲ. ಹಣ ತೆತ್ತು ಬಂದ ಮೇಲೆ ದಿನಕ್ಕೆ ನಾಲ್ಕು ಸ್ಥಳಗಳನ್ನಾದರೂ ನೋಡಿ ಮುಗಿಸಬೇಕೆಂಬ ಲೆಕ್ಕ ಬೆನ್ನು ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ತಾಯಿಯವರೊಡನೆ ಕ್ಯಾಲಿಫೋರ್ನಿಯದ ಅಣ್ಣನ ಮನೆಗೆ ಹೋದಾಗ ನಮಗೂ ಅದೇ ಲೆಕ್ಕವಿದ್ದಿತು. ಅಣ್ಣ ಒಂದು ವಾರದ ಮಟ್ಟಿಗೆ ಮನೆಬಂಡಿಯೊಂದನ್ನು ಬಾಡಿಗೆಗೆ ತಂದನು. ಅಲ್ಲಿಯವರು ಅದನ್ನು ‘ಆರ್.ವಿ.’ ಎನ್ನುತ್ತಾರೆ. ಒಳಗೆ ಹಾಸಿಗೆ, ಗ್ಯಾಸಿನ ಒಲೆ, ಫ್ರಿಜ್ಜು, ಬಚ್ಚಲು ಎಲ್ಲವೂ ಉಂಟು. ಗಾಲಿಗಳ ಮೇಲೆ ಹೂಡಿದ ಪುಟ್ಟ ಸಂಸಾರವೆಂದರೂ ಸಲ್ಲುತ್ತದೆ.

ಈ ಪ್ರಯಾಣಕ್ಕೆ ಇನ್ನೊಂದು ಉದ್ದೇಶವೂ ಇದ್ದಿತು. ತಂದೆಯವರು ತೀರಿಕೊಂಡು ಎರಡು ವರ್ಷ. ತೀರ್ಥಹಳ್ಳಿಯ ಬಳಿಯ ಮನೆಯಲ್ಲಿ ತಾಯಿಯವರು ಒಬ್ಬರೇ ಇದ್ದಾರೆ. ಆ ಮನೆಯನ್ನು ಮಾರಿ ಅವರು ತನ್ನೊಡನೆ ಬಂದು ನಿಲ್ಲಬೇಕೆಂಬುದು ಅಣ್ಣನ ಆಸೆ. ದಿನವೂ ರಾತ್ರಿ ಊಟದ ಹೊತ್ತಿಗೆ ಈ ಮಾತು ಬರುತ್ತಿದ್ದಿತು; ತಾಯಿಯವರ ಮೌನದಲ್ಲಿ ಮುಗಿಯುತ್ತಿದ್ದಿತು.

ನಾಲ್ಕನೆಯ ದಿನದ ಸಂಜೆ ಹಂಬೋಲ್ಟ್ ರೆಡ್‌ವುಡ್ಸ್ ಉದ್ಯಾನವನ್ನು ಸೇರಿದೆವು. ಸಾನ್ ಫ್ರಾನ್ಸಿಸ್ಕೊ ನಗರದಿಂದ ಉತ್ತರಕ್ಕೆ ೩೫೦ ಕಿಲೋಮೀಟರಿಗೂ ಮಿಕ್ಕ ದಾರಿ. ಅಲ್ಲಿಯ ಬರ್ಲಿಂಗ್ಟನ್ ಎಂಬ ಬಿಡಾರದ ತಾಣದಲ್ಲಿ ಬಂಡಿ ನಿಂತೊಡನೆ ತಾಯಿಯವರು ಊದಿಕೊಂಡ ಕಾಲನ್ನು ನೀವಿಕೊಳ್ಳುತ್ತ, “ನಾಳೆ ನಾನು ಎಲ್ಲಿಗೂ ಬರುವವಳಲ್ಲ” ಎಂದುಬಿಟ್ಟರು. ಹೀಗೆ ಒದಗಿದ್ದು ನಮ್ಮ ವಿರಾಮದ ದಿನ.

ಬೆಳಿಗ್ಗೆ ಎದ್ದಾಗ ಮಂಜು ಕವಿದಿದ್ದಿತು. ಈ ಕೆಂಪುಮರಗಳಿಗೆ ಬೇಸಿಗೆಯ ಮಂಜೇ ಜೀವಾಧಾರ. ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆಗಳು ಅದನ್ನು ಹೀರುತ್ತವೆ. ತೊಟ್ಟಿಕ್ಕಿದ ಹನಿಗಳನ್ನು ಬೇರು ಕುಡಿಯುತ್ತದೆ. ತಾಯಿಯವರು ದೋಸೆಗೆ ಕಾವಲಿಯಿಟ್ಟು ಚಟ್ನಿ ರುಬ್ಬಹೊರಟರು. ಅಣ್ಣ ತಡೆದನು. ಅಲ್ಲಿ ಬಂಡಿಗೆ ವಿದ್ಯುತ್ತಿನ ಸಂಪರ್ಕವಿಲ್ಲ. ಮಿಕ್ಸಿ ತಿರುಗಬೇಕಾದರೆ ಜನರೇಟರು ಓಡಬೇಕು. ಜನರೇಟರಿಗೆ ಅಪ್ಪಣೆಯಿರುವುದು ಬೆಳಿಗ್ಗೆ ೧೦ರಿಂದ ರಾತ್ರಿ ೮ರವರೆಗೆ ಮಾತ್ರ. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗಂತೂ ಸದ್ದೇ ಕೂಡದು. “ಕಾಡಿನಲ್ಲಿ ಚಟ್ನಿಗೂ ಮುಹೂರ್ತವೆ?” ಎಂದು ನಕ್ಕು, ತಾಯಿಯವರು ಚಟ್ನಿಪುಡಿಯ ಡಬ್ಬಿ ತೆಗೆದರು.

ನೀರಿಗೂ ಮಿತಿಯುಂಟು. ಬಂಡಿಯಲ್ಲಿ ಮೂರು ತೊಟ್ಟಿಗಳು: ಶುದ್ಧ ನೀರಿಗೊಂದು, ಪಾತ್ರೆ ಬೆಳಗಿದ ನೀರಿಗೊಂದು, ಶೌಚದ್ದಕ್ಕೊಂದು. ಮೊದಲನೆಯದು ಬರಿದಾದರೂ ಕಷ್ಟ, ಉಳಿದೆರಡು ತುಂಬಿದರೂ ಕಷ್ಟ. ಆ ಕೊಳೆನೀರನ್ನು ಗೊತ್ತಾದ ಕಡೆಯಲ್ಲೇ ಬರಿದು ಮಾಡಬೇಕು. ನಲ್ಲಿ ತಿರುಗಿಸಿ ರೂಢಿಯಾದ ನಾವಿಬ್ಬರೂ ಇದರಲ್ಲಿ ದಡ್ಡರು. ಬಾವಿಯಿಂದ ನೀರು ಸೇದಿ ಸಂಸಾರ ನಡೆಸಿದ ತಾಯಿಯವರು ಒಂದು ಚೊಂಬಿನಲ್ಲಿ ಮೂವರ ತಟ್ಟೆಗಳನ್ನು ತೊಳೆದು ಮುಗಿಸಿದರು.

ಬಳಿಕ ಮಾಡಲು ಏನೂ ಇರಲಿಲ್ಲ. ಮರದ ಮೇಜಿನ ಬಳಿ ಕುಳಿತು ಸುತ್ತಲೂ ನೋಡಿದೆವು. ಪ್ರತಿಯೊಂದು ಬಂಡಿಗೂ ಬೇರೆ ಬೇರೆ ಎಡೆ, ನಡುವೆ ಪೊದೆಗಳ ಮರೆ, ಒಂದೇ ದಿಕ್ಕಿಗೆ ಸಾಗುವ ಬಳಸುದಾರಿ. ಈ ವ್ಯವಸ್ಥೆಯ ಹಿಂದೆ ಸ್ವಾರಸ್ಯವಾದ ಸಂಗತಿಯೊಂದಿದೆ. ೧೯೨೦ರ ದಶಕದಲ್ಲಿ ಅಮೆರಿಕದ ಜನ ಮೋಟಾರು ಹತ್ತಿ ಕಾಡಿಗೆ ನುಗ್ಗತೊಡಗಿದಾಗ ಕಂಡ ಕಂಡ ಕಡೆ ಗಾಡಿ ನಿಲ್ಲಿಸುತ್ತಿದ್ದರು. ಕೆಂಪುಮರ ನೂರು ಮೀಟರು ಮೀರಿ ಬೆಳೆಯಬಲ್ಲದು. ಆದರೆ ಅದಕ್ಕೆ ತಾಯಿಬೇರಿಲ್ಲ. ನೆಲದ ಮೇಲ್ಪದರದಲ್ಲೇ ಹರಡಿ, ನೆರೆಮರಗಳ ಬೇರುಗಳೊಡನೆ ಹೆಣೆದುಕೊಂಡು ಅದು ನಿಲ್ಲುತ್ತದೆ. ಗಾಲಿಗಳೂ ಕಾಲುಗಳೂ ಅದುಮಿ ಮಣ್ಣು ಗಟ್ಟಿಯಾದರೆ ಗಾಳಿ ನೀರುಗಳು ಇಳಿಯವು, ಬೇರು ಸಾಯುತ್ತದೆ. ಇದನ್ನು ಪರೀಕ್ಷಿಸಿ ಎಚ್ಚರಿಸಿದವರು ಇ. ಪಿ. ಮೈನೆಕೆ ಎಂಬ ಸಸ್ಯರೋಗ ವಿಜ್ಞಾನಿ. ಗಾಡಿಗೆ ಗೊತ್ತಾದ ದಾರಿ, ಗೊತ್ತಾದ ನಿಲುಗಡೆ, ಕದಲದ ಮೇಜು, ಕದಲದ ಒಲೆ ಇರಬೇಕೆಂದು ಅವರು ೧೯೩೨ರಲ್ಲಿ ಸೂಚಿಸಿದರು. ಆ ದಶಕದಲ್ಲಿ ದೇಶದ ಅನೇಕ ಬಿಡಾರಗಳು ಈ ಮಾದರಿಯಲ್ಲೇ ಸಿದ್ಧವಾದವು. ಮರಗಳ ವೈದ್ಯನೊಬ್ಬ ಬೇರುಗಳನ್ನು ಉಳಿಸಲು ಬರೆದ ಪಥ್ಯ ಮನುಷ್ಯರಿಗೂ ನೆಮ್ಮದಿಯನ್ನು ತಂದುಕೊಟ್ಟಿತು.

ನಮ್ಮ ಬಂಡಿಯ ಪಕ್ಕದಲ್ಲೇ ಒಂದು ಕೋಣೆಯಷ್ಟು ಅಗಲದ ಹಳೆಯ ಮರದ ಬುಡವಿದ್ದಿತು. ನಾಟಾಕ್ಕಾಗಿ ಕಡಿದ ಕಾಲದ ಗುರುತು ಅದು. ಅದರ ಸುತ್ತ ಬಳೆಯಾಕಾರದಲ್ಲಿ ಎಳೆಯ ಮರಗಳು ನಿಂತಿದ್ದವು. ಕಡಿದ ಬುಡದಿಂದಲೇ ಚಿಗುರುವ ಗುಣ ಕೆಂಪುಮರಕ್ಕುಂಟು ಎಂದು ಅಣ್ಣ ವಿವರಿಸಿದನು. ತಾಯಿಯವರು ಬುಡದ ಮೇಲೆ ಕೈಯಿಟ್ಟು, “ನಮ್ಮ ಬಾಳೆಯ ಹಾಗೆಯೇ, ತಾಯಿ ಹೋದರೂ ಕಂದುಗಳು ಅಲ್ಲೇ ಇವೆ” ಎಂದರು.

ಮಧ್ಯಾಹ್ನ ಬಿಡಾರದ ಮೇಲ್ವಿಚಾರಣೆಯ ಮಹಿಳೆ ಬಂದರು. ಇಂಥವರು ಸಂಬಳಕ್ಕಿರುವವರಲ್ಲ, ತಮ್ಮ ಬಂಡಿಗೆ ದೊರೆತ ಎಡೆಗೆ ಪ್ರತಿಯಾಗಿ ತಾಣದ ಕೆಲಸ ನೋಡಿಕೊಳ್ಳುವ ಸ್ವಯಂಸೇವಕರು. ವಯಸ್ಸು ಎಪ್ಪತ್ತರ ಸುಮಾರು. ತಾಯಿಯವರು ಕಾಫಿ ಕೊಟ್ಟರು, ನಾನು ದುಭಾಷಿಯಾದೆ. ಗಂಡ ತೀರಿದ ಮೇಲೆ ಆಕೆ ಮನೆಯನ್ನು ಮಾರಿ, ಬಂಡಿಯನ್ನೇ ಮನೆ ಮಾಡಿಕೊಂಡಿದ್ದರಂತೆ. “ಬೇಸರವಾಗುವುದಿಲ್ಲವೆ ಎಂದು ಕೇಳು” ಎಂದರು ತಾಯಿಯವರು. ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಾಗ ಆದಷ್ಟು ಬೇಸರ ಇಲ್ಲಿಲ್ಲ ಎಂದು ಉತ್ತರ ಬಂದಿತು. ಅಣ್ಣನ ಮುಖ ಅರಳಿತು. ನಾನು ಕಾಫಿ ಲೋಟವನ್ನು ನೋಡುತ್ತ ಕುಳಿತೆ.

ಆಕೆ ಹೋದ ಮೇಲೆ ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಣ್ಣನತ್ತ ತಿರುಗಿ, “ಆಕೆಗೆ ಮನೆ ಭಾರವಾಯಿತು, ಇಳಿಸಿದಳು, ಒಳ್ಳೆಯದೇ ಮಾಡಿದಳು. ನನಗೆ ಇನ್ನೂ ಭಾರವಾಗಿಲ್ಲ ಮಗೂ. ಆದ ದಿನ ನಾನೇ ಹೇಳುತ್ತೇನೆ” ಎಂದರು. ಅಣ್ಣ ಏನೋ ಹೇಳಹೊರಟು, ಎದುರಿನ ಮರದ ಬುಡವನ್ನು ನೋಡಿ ಸುಮ್ಮನಾದನು. ಆ ರಾತ್ರಿ ಊಟದ ಹೊತ್ತಿಗೆ ಮನೆಯ ಮಾತು ಬರಲಿಲ್ಲ. ತಂದೆಯವರ ಕಾಲದ ಹಳೆಯ ಸಂಗತಿಗಳನ್ನು ನೆನೆದು ಮೂವರೂ ನಕ್ಕೆವು. ಹತ್ತು ಗಂಟೆಗೆ ದೀಪಗಳು ಒಂದೊಂದಾಗಿ ಆರಿದವು.

ಮರುದಿನ ಎಂಟಕ್ಕೇ ಹೊರಡಬೇಕೆಂದು ಮೊದಲೇ ಗೊತ್ತುಮಾಡಿದ್ದವನು ಅಣ್ಣ. ಆದರೂ ಅವನು ಗಡಿಯಾರ ನೋಡುತ್ತ ಹತ್ತು ಗಂಟೆಯವರೆಗೆ ಕಾದನು. ಜನರೇಟರು ಓಡಿತು, ತಾಯಿಯವರು ಚಟ್ನಿ ರುಬ್ಬಿದರು. ದೋಸೆ ತಿಂದು ಹೊರಟೆವು.