ರಸ್ತೆಯ ನಡುವಿನ ನೆಲವೂ ನೀರು ಕುಡಿಯಲಿ

ಬಿರುಮಳೆ ಬಂದು ನಿಂತ ಮೇಲೆ ಊರಿನ ಜೋಡಿರಸ್ತೆಯನ್ನು ನೋಡೋಣ. ಡಾಂಬರಿನ ಮೇಲೆ ಬಿದ್ದ ನೀರೆಲ್ಲ ಚರಂಡಿಯ ಪಾಲಾಗಿರುತ್ತದೆ. ರಸ್ತೆಯ ನಡುವೆ ಗಿಡ ನೆಟ್ಟ ವಿಭಜಕ, ಅಂದರೆ ಜನರು ಡಿವೈಡರ್ ಎನ್ನುವ ಪಟ್ಟಿ, ಎತ್ತರದ ಅಂಚುಗಲ್ಲುಗಳ ಒಳಗೆ ದಿಬ್ಬದಂತೆ ನಿಂತು, ಆ ನೀರಿನ ಒಂದು ಹನಿಯನ್ನೂ ಕಾಣದು. ಕೆಲವು ದಿನಗಳ ಬಳಿಕ ಅದೇ ಗಿಡಗಳಿಗೆ ಟ್ಯಾಂಕರಿನಿಂದ ನೀರುಣಿಸುತ್ತೇವೆ!

ದಿಬ್ಬವನ್ನು ತಗ್ಗಾಗಿಸಿದರೆ ಏನಾದೀತು? ಒಂದು ಸಣ್ಣ ಲೆಕ್ಕ ಮಾಡೋಣ. ರಸ್ತೆಯ ಅಗಲ 14 ಮೀಟರ್, ವಿಭಜಕದ ಅಗಲ 2 ಮೀಟರ್ ಇರಲಿ. 20 ಮಿಲಿಮೀಟರ್ ಮಳೆ ಸುರಿದರೆ, ಒಂದು ಕಿಲೋಮೀಟರ್ ಉದ್ದದಲ್ಲಿ ಬೀಳುವ ನೀರು 3 ಲಕ್ಷ 20 ಸಾವಿರ ಲೀಟರ್. ವಿಭಜಕವು ರಸ್ತೆಗಿಂತ 20 ಸೆಂಟಿಮೀಟರ್ ತಗ್ಗಿದ್ದರೆ ಅದು 4 ಲಕ್ಷ ಲೀಟರ್ ಹಿಡಿಯಬಲ್ಲದು. ಇಂತಹ ಸೋಸುಪಾತಿಗಳ ವಿಧಾನವನ್ನು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1990ರ ಸುಮಾರಿಗೆ ರೂಪಿಸಿದರು.

ಆದರೆ ತಗ್ಗು ತೋಡಿದ ಮಾತ್ರಕ್ಕೆ ಕೆಲಸ ಮುಗಿಯದು. ಜೋಡಿರಸ್ತೆಗಳು ಸಾಮಾನ್ಯವಾಗಿ ಹೊರಬದಿಗೆ ಇಳಿಜಾರಾಗಿರುತ್ತವೆ. ಹೊಸ ರಸ್ತೆಯಾದರೆ ಇಳಿಜಾರನ್ನು ಒಳಮುಖವಾಗಿಸಿ, ಅಂಚುಗಲ್ಲುಗಳಲ್ಲಿ ಅಲ್ಲಲ್ಲಿ ಕಂಡಿ ಬಿಡಬೇಕು. ಹಳೆಯ ರಸ್ತೆಯಾದರೆ ಪಾತಿಯನ್ನು ಹೊರ ಅಂಚಿನಲ್ಲಿ ಮಾಡುವುದೇ ಲೇಸು. ರಸ್ತೆ ಏರಿಳಿಯುವ ಕಡೆ, ರೈತನು ಹೊಲದಲ್ಲಿ ಬದು ಹಾಕುವಂತೆ, ಪಾತಿಗೆ ಅಡ್ಡಬದುಗಳನ್ನು ಹಾಕಬೇಕು. ತಳಪಾಯಕ್ಕೆ ನೀರು ಹೊಕ್ಕರೆ ರಸ್ತೆ ಕುಸಿಯುವುದರಿಂದ ಪಾತಿಯ ಎರಡು ಪಕ್ಕಗಳಿಗೂ ನೀರು ಜಿನುಗದ ಹಾಳೆ ಬೇಕು. ಹೆಚ್ಚಾದ ನೀರು ಚರಂಡಿಗೆ ಹೋಗಲು ಕೋಡಿಯೂ ಬೇಕು. ಸೊಳ್ಳೆಗಳಿಗೆ ಆಸ್ಪದವಾಗದಂತೆ ನೀರು ಎರಡು ದಿನಗಳೊಳಗೆ ಇಂಗಿಬಿಡಬೇಕು.

ಗಿಡಗಳು ಬರಿಯ ಅಲಂಕಾರವಲ್ಲ. ಅವುಗಳ ಬೇರು ಮಣ್ಣನ್ನು ಸಡಿಲವಾಗಿಟ್ಟು ನೀರಿಗೆ ದಾರಿ ಮಾಡುತ್ತದೆ. ಲಾವಂಚವು ನೆರೆಯನ್ನೂ ಬರವನ್ನೂ ತಾಳಿ, ಬೇರನ್ನು ಎರಡು ಮೀಟರಿಗೂ ಮಿಗಿಲಾಗಿ ಇಳಿಸಬಲ್ಲದು. ಕಣಗಿಲೆ ವಿಷಗಿಡವಾದುದರಿಂದ ದನಗಳು ಅದನ್ನು ಮುಟ್ಟುವುದಿಲ್ಲ.

ಇನ್ನು ಮುಖ್ಯವಾದ ಎಚ್ಚರಿಕೆ. ರಸ್ತೆಯ ನೀರು ಶುದ್ಧವಲ್ಲ. ಅದರಲ್ಲಿ ಎಣ್ಣೆಯ ಜಿಡ್ಡು, ಟೈರು ಸವೆದ ಪುಡಿಯಲ್ಲಿನ ಸತು, ಬ್ರೇಕಿನ ಧೂಳಿನಲ್ಲಿನ ತಾಮ್ರ ಇವೆಲ್ಲ ಸೇರಿರುತ್ತವೆ. ಮರಳು, ಮಣ್ಣು, ಗೊಬ್ಬರ ಬೆರೆಸಿದ ಪದರವು ಲೋಹಗಳ ಬಹುಭಾಗವನ್ನು ಹಿಡಿದಿಡುತ್ತದೆ. ಜಿಡ್ಡನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಲೋಹಗಳು ಮೇಲ್ಮಣ್ಣಿನಲ್ಲೇ ಕೂಡುವುದರಿಂದ ಕೆಲವು ವರ್ಷಗಳಿಗೊಮ್ಮೆ ಅದನ್ನು ಕೆರೆದು ಹೊಸದನ್ನು ಹಾಕಬೇಕು. ಈ ಸೋಸುವಿಕೆಯನ್ನು ಬಿಟ್ಟು ರಸ್ತೆಯ ನೀರನ್ನು ನೇರವಾಗಿ ಕೊಳವೆಬಾವಿಗೆ ಇಳಿಸುವುದು, ನಾವು ಕುಡಿಯುವ ನೀರಿಗೆ ನಾವೇ ಕೊಳೆ ಬೆರೆಸಿದಂತೆ.

ಎಲ್ಲ ಊರಿಗೂ ಒಂದೇ ಅಳತೆ ಸಲ್ಲದು. ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕುಗಳನ್ನೇ ನೋಡಿ. ಬರಕ್ಕೆ ಹೆಸರಾದ ಜಗಳೂರಿನಲ್ಲಿ ಇಂಗಿಸುವುದೇ ಮೊದಲ ಗುರಿ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಜಲಮಟ್ಟ ಮೇಲಿರುವ ಕಡೆ, ಇಂಗಿಸುವುದಕ್ಕಿಂತ ಸೋಸುವುದು ಮುಖ್ಯ. ಮೊದಲು ಹೊನ್ನಾಳಿಗೇ ಸೇರಿದ್ದ ನ್ಯಾಮತಿಯಲ್ಲಿ, ಅಡಕೆ ತೋಟಗಳ ಚನ್ನಗಿರಿಯಲ್ಲಿ, ಗುಂಡಿ ತೋಡಿ ಮಣ್ಣನ್ನು ಪರೀಕ್ಷಿಸಿಯೇ ಮುಂದುವರಿಯಬೇಕು. ಎರೆಮಣ್ಣು ನೆನೆದರೆ ಉಬ್ಬಿ ನೀರನ್ನು ತಡೆಯುತ್ತದೆ. ಅಂತಹ ಕಡೆ ಪದರದ ಅಡಿಯಲ್ಲಿ ತೂತುಕೊಳವೆಯನ್ನಿಟ್ಟು ಸೋಸಿದ ನೀರನ್ನು ಹೊರಕ್ಕೆ ಒಯ್ಯಬೇಕು.

ನಮ್ಮದು ಗಟ್ಟಿ ಶಿಲೆಯ ನಾಡು. ಇಲ್ಲಿ ಅಂತರ್ಜಲವಿರುವುದು ಶಿಥಿಲವಾದ ಪದರದಲ್ಲಿ, ಕಲ್ಲಿನ ಬಿರುಕುಗಳಲ್ಲಿ ಮಾತ್ರ. ವಿಭಜಕದಲ್ಲಿ ಇಂಗಿದ ನೀರಿನಲ್ಲೂ ಒಂದು ಪಾಲನ್ನು ಗಿಡಗಳೇ ಹೀರುತ್ತವೆ. ಆದುದರಿಂದ ಒಂದು ಪಟ್ಟಿಯಿಂದ ಬತ್ತಿದ ಕೊಳವೆಬಾವಿ ತುಂಬೀತೆಂದು ನಂಬುವುದು ಸಲ್ಲದು. ಆದರೆ ಸೂಳೆಕೆರೆಯನ್ನು ಕಟ್ಟಿದ ಹಿರಿಯರ ನೆಲ ಇದು. ಹರಿಯುವ ನೀರನ್ನು ನಿಲ್ಲಿಸುವ ವಿವೇಕ ಇಲ್ಲಿ ಹೊಸತಲ್ಲ. ಮುಂದಿನ ರಸ್ತೆಯ ನಕ್ಷೆ ಬರೆಯುವಾಗ ಆ ವಿವೇಕಕ್ಕೆ ಎರಡು ಮೀಟರ್ ಜಾಗ ಕೊಟ್ಟರೆ ಸಾಕು.